ಮಡಿದ ಸಿಪಾಯಿಗೂ ಒಂದು ಹೆಸರಿತ್ತು

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಸಮಾಧಿಭೂಮಿಗಳಲ್ಲಿ ಜನರ ಓಡಾಟ ಹೆಚ್ಚುತ್ತದೆ. ಕಳೆ ಕಿತ್ತು, ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಸಕಲ ಮೃತರ ಸ್ಮರಣೆಯ ಬಲಿಪೂಜೆಗೆ ಮನೆಯಿಂದ ಹೆಸರುಗಳ ಪಟ್ಟಿ ಬರೆದು ಕೊಡುತ್ತೇವೆ. ಅಜ್ಜ, ಅಜ್ಜಿ, ತಂದೆ, ತಾಯಿ, ಎಳೆಯ ವಯಸ್ಸಿನಲ್ಲೇ ತೀರಿಕೊಂಡ ತಂಗಿ, ಹೀಗೆ ಪ್ರತಿ ಹೆಸರಿಗೂ ಒಂದು ಮುಖವಿದೆ, ಒಂದು ಸಮಾಧಿಯಿದೆ. ಆದರೆ ಸಮಾಧಿಯೇ ಇಲ್ಲದವರ ಗತಿಯೇನು? ದೂರದೇಶದ ಮರಳಲ್ಲೋ ಕೆಸರಲ್ಲೋ ಬಿದ್ದು, ಮನೆಯವರಿಗೆ ಒಂದು ಸರ್ಕಾರಿ ಕಾಗದವಷ್ಟೇ ತಲುಪಿದ ಸಾಮಾನ್ಯ ಸಿಪಾಯಿಯ ಹೆಸರನ್ನು ಯಾರು ಬರೆದುಕೊಡುತ್ತಾರೆ?

ಈ ಪ್ರಶ್ನೆ ಹೊಸದೇನಲ್ಲ. ಮೃತರಿಗಾಗಿ ಪ್ರಾರ್ಥಿಸುವ ನಮ್ಮ ಸಂಪ್ರದಾಯಕ್ಕೆ ಆಧಾರವಾಗಿ ಧರ್ಮಸಭೆ ತೋರಿಸುವ ಶ್ರೀಗ್ರಂಥದ ಭಾಗವೇ ಯುದ್ಧದಲ್ಲಿ ಮಡಿದ ಸಾಮಾನ್ಯ ಸೈನಿಕರ ಕುರಿತಾದದ್ದು. ಮಕ್ಕಬಿಯರ ಎರಡನೆಯ ಗ್ರಂಥದ 12ನೇ ಅಧ್ಯಾಯವನ್ನು ಬಿಡಿಸಿ ನೋಡಿ. ಕಾಳಗ ಮುಗಿದ ಮೇಲೆ ಯೂದನೂ ಅವನ ಸಂಗಡಿಗರೂ ಸತ್ತವರ ದೇಹಗಳನ್ನು ತಂದು ಪೂರ್ವಜರ ಸಮಾಧಿಗಳಲ್ಲಿ ಇಡಲೆಂದು ರಣರಂಗಕ್ಕೆ ಮರಳುತ್ತಾರೆ. ಆಗ ಸತ್ತವರ ಅಂಗಿಗಳೊಳಗೆ ವಿಗ್ರಹಗಳಿಗೆ ಸೇರಿದ ತಾಯಿತಗಳು ಸಿಗುತ್ತವೆ. ಧರ್ಮಶಾಸ್ತ್ರಕ್ಕೆ ವಿರುದ್ಧವಾದ ವಸ್ತುಗಳು ಅವು. ಯೂದನು ಆ ವಿಷಯವನ್ನು ಮುಚ್ಚಿಡಲಿಲ್ಲ. ಅವರನ್ನು ಕೈಬಿಡಲೂ ಇಲ್ಲ. ಹಣ ಕೂಡಿಸಿ, ಅವರ ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದನು.

ಮಡಿದ ಸೈನಿಕರ ಬಗ್ಗೆ ಸಂಶೋಧನೆ ಮಾಡುವವರಿಗೆ ಇದರಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಹಿಂತಿರುಗಿ ಹೋಗಿ ಹುಡುಕಬೇಕು. ಎರಡನೆಯದು, ಹುಡುಕಿದಾಗ ಸಿಕ್ಕಿದ್ದನ್ನು ಸಿಕ್ಕಿದ ಹಾಗೆಯೇ ಹೇಳಬೇಕು. ಕಳೆದ ನೂರು ವರ್ಷಗಳಲ್ಲಿ ಈ ಎರಡು ಕೆಲಸಗಳು ಹೇಗೆ ನಡೆದವು, ಎಲ್ಲಿ ತಪ್ಪಿದವು ಎಂಬುದನ್ನು ನಮ್ಮ ಭಾರತೀಯ ಸಿಪಾಯಿಗಳ ಉದಾಹರಣೆಯಿಂದಲೇ ನೋಡೋಣ.

ಎಲ್ಲರಿಗೂ ಒಂದೇ ಕಲ್ಲು

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ, ಸತ್ತ ಸಾಮಾನ್ಯ ಸೈನಿಕನಿಗೆ ಪ್ರತ್ಯೇಕ ಸಮಾಧಿ ಕಟ್ಟುವ ಪದ್ಧತಿ ಬಹುಪಾಲು ಸೈನ್ಯಗಳಲ್ಲಿ ಬೇರೂರಿರಲಿಲ್ಲ. ಸೇನಾಪತಿಗಳಿಗೆ ಸ್ಮಾರಕ, ಸಿಪಾಯಿಗಳಿಗೆ ಸಾಮೂಹಿಕ ಗುಂಡಿ, ಇದೇ ಹಳೆಯ ರೂಢಿ. ಫ್ರಾನ್ಸಿನಲ್ಲಿ ರೆಡ್‌ಕ್ರಾಸ್ ವಾಹನ ದಳವೊಂದರ ಮುಖ್ಯಸ್ಥನಾಗಿದ್ದ ಫೇಬಿಯನ್ ವೇರ್ ಎಂಬಾತ ಇದನ್ನು ಕಂಡು ನೊಂದುಕೊಂಡ. ಸೈನ್ಯಕ್ಕೆ ಸೇರುವ ವಯಸ್ಸು ದಾಟಿದ್ದ ಆತ, ಎಲ್ಲಿ ಯಾರನ್ನು ಹೂಳಿದ್ದಾರೆ ಎಂಬುದನ್ನು ಬರೆದಿಡಲು ತನ್ನ ದಳದವರನ್ನು ಹಚ್ಚಿದ. ಆ ಸಣ್ಣ ಕೆಲಸವೇ ಬೆಳೆದು 1917ರ ಮೇ 21ರಂದು ರಾಜಶಾಸನದ ಮೂಲಕ ಸಾಮ್ರಾಜ್ಯ ಯುದ್ಧಸಮಾಧಿ ಆಯೋಗವಾಯಿತು. ಇಂದು ಅದನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ಎನ್ನುತ್ತಾರೆ. ಎರಡು ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಜನರ ಸ್ಮರಣೆಯ ಹೊಣೆ ಅದರದು.

1918ರಲ್ಲಿ ಫ್ರೆಡರಿಕ್ ಕೆನ್ಯನ್ ಎಂಬ ವಿದ್ವಾಂಸರು ಆಯೋಗಕ್ಕೆ ಒಂದು ವರದಿ ಕೊಟ್ಟರು. ಅದರ ತಿರುಳು ಇಷ್ಟೇ: ಅಧಿಕಾರಿಯೇ ಆಗಲಿ, ಸಿಪಾಯಿಯೇ ಆಗಲಿ, ಸಿರಿವಂತನೇ ಆಗಲಿ, ಬಡವನೇ ಆಗಲಿ, ಎಲ್ಲರಿಗೂ ಒಂದೇ ಅಳತೆಯ, ಒಂದೇ ಆಕಾರದ ಸಮಾಧಿಕಲ್ಲು. ಹಣವುಳ್ಳ ಕುಟುಂಬಗಳು ತಮ್ಮ ಮಗನ ದೇಹವನ್ನು ಊರಿಗೆ ತರಿಸಿಕೊಳ್ಳುವಂತೆಯೂ ಇರಲಿಲ್ಲ. ಇದಕ್ಕೆ ಇಂಗ್ಲೆಂಡಿನಲ್ಲಿ ದೊಡ್ಡ ವಿರೋಧವೇ ಎದ್ದಿತು. 1920ರಲ್ಲಿ ಪಾರ್ಲಿಮೆಂಟಿನಲ್ಲಿ ಕಾವೇರಿದ ಚರ್ಚೆ ನಡೆಯಿತು. ಆದರೂ ಆಯೋಗ ಜಗ್ಗಲಿಲ್ಲ. ಆಯೋಗದ ಸಾಹಿತ್ಯ ಸಲಹೆಗಾರರಾಗಿದ್ದ ಪ್ರಸಿದ್ಧ ಲೇಖಕ ರಡ್ಯಾರ್ಡ್ ಕಿಪ್ಲಿಂಗ್ ಅವರ ಒಬ್ಬನೇ ಮಗ ಹದಿನೆಂಟನೆಯ ವಯಸ್ಸಿನಲ್ಲಿ, 1915ರಲ್ಲಿ, ಲೂಸ್ ಕಾಳಗದಲ್ಲಿ ಕಾಣೆಯಾಗಿದ್ದ. ತಂದೆ 1936ರಲ್ಲಿ ತೀರಿಕೊಳ್ಳುವವರೆಗೂ ಮಗನ ದೇಹ ಎಲ್ಲಿದೆಯೆಂದು ತಿಳಿಯಲಿಲ್ಲ. ಗುರುತು ಸಿಗದವರ ಕಲ್ಲಿನ ಮೇಲೆ, ಇವನಾರೆಂದು ದೇವರಿಗೆ ಗೊತ್ತು ಎಂಬ ಅರ್ಥದ ಮಾತನ್ನು ಕೆತ್ತಿಸಲು ಸೂಚಿಸಿದವರು ಆ ತಂದೆಯೇ.

ದೊಡ್ಡ ಯುದ್ಧಸಮಾಧಿಭೂಮಿಗಳಲ್ಲಿ ಬಲಿಪೀಠದಂತೆ ಕಾಣುವ ಒಂದು ಸ್ಮರಣಶಿಲೆ ಇರುತ್ತದೆ. ಅದರ ಮೇಲಿನ ಮಾತನ್ನು ನಮ್ಮ ಬೈಬಲ್ಲಿನಲ್ಲಿರುವ ಸಿರಾಖ ಗ್ರಂಥದ 44ನೇ ಅಧ್ಯಾಯದ 14ನೇ ವಚನದಿಂದ ಆಯ್ದುಕೊಂಡರು. ಅವರ ಹೆಸರು ತಲತಲಾಂತರಕ್ಕೂ ಬಾಳುತ್ತದೆ ಎಂಬುದು ಅದರ ಭಾವ. ಆದರೆ ಅದೇ ಅಧ್ಯಾಯದ 9ನೇ ವಚನವನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ನೆನಪೇ ಉಳಿಯದಂತೆ, ಹುಟ್ಟಿಯೇ ಇರಲಿಲ್ಲವೆಂಬಂತೆ ಅಳಿದುಹೋದವರ ಬಗ್ಗೆ ಅದು ಹೇಳುತ್ತದೆ. ನಮ್ಮ ಅನೇಕ ಸಿಪಾಯಿಗಳ ಪಾಲಿಗೆ ಬಂದದ್ದು ಆ ಒಂಬತ್ತನೆಯ ವಚನ.

ಮಾತು ತಪ್ಪಿದ ಕಥೆ

ಮೊದಲ ಮಹಾಯುದ್ಧಕ್ಕೆ ಭಾರತದಿಂದ 13 ಲಕ್ಷಕ್ಕೂ ಹೆಚ್ಚು ಜನ ಸೈನಿಕರಾಗಿ, ಕೂಲಿಗಳಾಗಿ, ಸೇವಕರಾಗಿ ಹೋದರು. 74 ಸಾವಿರ ಜನ ಸತ್ತರು. ಎರಡನೆಯ ಯುದ್ಧದಲ್ಲಿ ಭಾರತೀಯ ಸೈನ್ಯದ ಸಂಖ್ಯೆ 25 ಲಕ್ಷಕ್ಕೆ ಏರಿತು, 87 ಸಾವಿರ ಜನ ಮಡಿದರು. ಇವರಲ್ಲಿ ಬಹುಪಾಲು ಬಡ ರೈತರ ಮಕ್ಕಳು. ಮೊದಲ ಯುದ್ಧದ ಹೊತ್ತಿಗೆ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಸಾಲ ತೀರಿಸಲು, ತಂಗಿಯ ಮದುವೆ ಮಾಡಲು, ಒಂದು ತುಂಡು ಜಮೀನು ಕೊಳ್ಳಲು ದಂಡಿಗೆ ಸೇರಿದವರು ಅವರು. ಯಾವ ರಾಜ ಯಾವ ರಾಜನ ಮೇಲೆ ಏಕೆ ಯುದ್ಧ ಹೂಡಿದ ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ.

ಎಲ್ಲರಿಗೂ ಸಮಾನ ಗೌರವ ಎಂಬ ಮಾತು ಫ್ರಾನ್ಸಿನಲ್ಲಿ ಬಹುಮಟ್ಟಿಗೆ ನಡೆಯಿತು. 1915ರ ಮಾರ್ಚ್‌ನಲ್ಲಿ ಭಾರತೀಯರು ಹೋರಾಡಿದ ನವ್ ಶಾಪೆಲ್ ಎಂಬಲ್ಲಿ 1927ರಲ್ಲಿ ಒಂದು ಸ್ಮಾರಕ ಎದ್ದಿತು. ಫ್ರಾನ್ಸ್ ಮತ್ತು ಬೆಲ್ಜಿಯಮ್ಮಿನಲ್ಲಿ ಸತ್ತು, ಸಮಾಧಿ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಅಲ್ಲಿ ಕೆತ್ತಿದ್ದಾರೆ. ಆದರೆ ಹೆಚ್ಚಿನ ಭಾರತೀಯರು ಸತ್ತದ್ದು ಫ್ರಾನ್ಸಿನಲ್ಲಲ್ಲ, ಇಂದಿನ ಇರಾಕಿನಲ್ಲಿ. ಅಂದು ಮೆಸಪೊಟೇಮಿಯ ಎನ್ನುತ್ತಿದ್ದ ಆ ನಾಡಿನಲ್ಲಿ ಗುಂಡಿಗೆ ಸತ್ತವರಿಗಿಂತ ಬೇನೆಗೆ, ಬಿಸಿಲಿಗೆ, ಹಸಿವಿಗೆ ಸತ್ತವರೇನೂ ಕಡಿಮೆಯಿರಲಿಲ್ಲ. ಅಲ್ಲಿನ ಬಸ್ರಾ ಸ್ಮಾರಕ, ಸಮಾಧಿ ತಿಳಿಯದ 40 ಸಾವಿರಕ್ಕೂ ಹೆಚ್ಚು ಜನರ ನೆನಪಿಗಾಗಿ ಕಟ್ಟಿದ್ದು. ಬ್ರಿಟಿಷ್ ಸೈನಿಕರ ಹೆಸರುಗಳೂ ಭಾರತೀಯ ಅಧಿಕಾರಿಗಳ ಹೆಸರುಗಳೂ ಅದರ ಫಲಕಗಳ ಮೇಲಿದ್ದವು. ಸಾಮಾನ್ಯ ಭಾರತೀಯ ಸಿಪಾಯಿಗಳದ್ದು ಮಾತ್ರ ಹೆಸರಿಲ್ಲ. ಆಯಾ ಪಲ್ಟಣದ ಹೆಸರಿನ ಕೆಳಗೆ ಇಷ್ಟು ಜನ ಎಂಬ ಲೆಕ್ಕ, ಅಷ್ಟೇ.

ಇದು ಕೈತಪ್ಪಿನಿಂದ ಆದದ್ದಲ್ಲ ಎಂಬುದು ಬಹಳ ತಡವಾಗಿ ಬೆಳಕಿಗೆ ಬಂತು. 2019ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟ್ ಸದಸ್ಯ ಡೇವಿಡ್ ಲ್ಯಾಮಿ, ಆಫ್ರಿಕಾದಲ್ಲಿ ಮಡಿದ ಕಪ್ಪು ಜನರ ಸಮಾಧಿಗಳನ್ನು ಹುಡುಕಿಕೊಂಡು ಹೋದ ಒಂದು ಸಾಕ್ಷ್ಯಚಿತ್ರ ಪ್ರಸಾರವಾಯಿತು. ಬಳಿಕ ಯುದ್ಧಸಮಾಧಿ ಆಯೋಗವೇ ಒಂದು ಸಮಿತಿಯನ್ನು ನೇಮಿಸಿ ತನ್ನ ಹಳೆಯ ಕಡತಗಳನ್ನು ಪರಿಶೀಲಿಸಿತು. 2021ರ ಏಪ್ರಿಲ್‌ನಲ್ಲಿ ಹೊರಬಂದ ವರದಿಯ ಪ್ರಕಾರ, ಮೊದಲ ಮಹಾಯುದ್ಧದಲ್ಲಿ ಮಡಿದ 45 ಸಾವಿರದಿಂದ 54 ಸಾವಿರ ಜನರಿಗೆ ಸಮಾನ ರೀತಿಯ ಸ್ಮರಣೆ ಸಿಗಲಿಲ್ಲ. ಅವರಲ್ಲಿ ಬಹುಪಾಲು ಭಾರತೀಯರು ಮತ್ತು ಆಫ್ರಿಕನ್ನರು. ಇದಲ್ಲದೆ ಕನಿಷ್ಠ 1,16,000 ಜನರ, ಪ್ರಾಯಶಃ 3,50,000ದಷ್ಟು ಜನರ ಹೆಸರು ಎಲ್ಲಿಯೂ ದಾಖಲಾಗಲಿಲ್ಲ, ಇಲ್ಲವೇ ಅವರಿಗೆ ಸ್ಮರಣೆಯೇ ಸಿಗಲಿಲ್ಲ. ಅಂದಿನ ಅಧಿಕಾರಿಗಳ ಜನಾಂಗೀಯ ಪೂರ್ವಗ್ರಹ ಇದಕ್ಕೆ ಕಾರಣವೆಂದು ವರದಿ ಒಪ್ಪಿಕೊಂಡಿತು. ಬ್ರಿಟನ್ನಿನ ರಕ್ಷಣಾ ಮಂತ್ರಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು.

ಪರರ ತಪ್ಪನ್ನು ಎತ್ತಿ ತೋರಿಸಿದರೆ ನಮ್ಮ ಹೊಣೆ ತೀರುವುದಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ನಾವೂ ಅವರನ್ನು ಮರೆತೆವು. ಪರಕೀಯ ಚಕ್ರವರ್ತಿಗಾಗಿ ಹೋರಾಡಿದವರು ಎಂಬ ಮುಜುಗರ ನಮಗೆ. ಹೀಗೆ ಎರಡು ಕಡೆಯವರಿಗೂ ಬೇಡವಾದರು ಅವರು. ಮಗ ಯಾರ ಪರವಾಗಿ ಹೋರಾಡಿದ ಎಂದು ಕೇಳಿ ಅಳುವ ತಾಯಿ ಎಲ್ಲಿದ್ದಾಳೆ?

ಕಾರ್ಮೆಲ್ ಬೆಟ್ಟದಲ್ಲಿ ಮೈಸೂರಿನವರು

ನಮ್ಮ ನಾಡಿಗೂ ಈ ಕಥೆಗೂ ನೇರ ಸಂಬಂಧವಿದೆ. ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಈಜಿಪ್ಟಿಗೆ ಹಡಗು ಹತ್ತಿತು. ಸೂಯೆಜ್ ಕಾಲುವೆಯ ಕಾವಲು ಕಾದು, ಮರುಭೂಮಿಯನ್ನು ದಾಟಿ, ಪವಿತ್ರ ನಾಡನ್ನು ತಲುಪಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿಯುವ ಕಾಳಗದಲ್ಲಿ ಜೋಧಪುರದ ಕುದುರೆ ಸವಾರರು ಕೀಷೋನ್ ನದಿಯ ಕಡೆಯಿಂದ ನುಗ್ಗಿದರು. ನದಿಯ ದಡದ ಹುದುಲಿನಲ್ಲಿ ಕುದುರೆಗಳು ಹೂತುಕೊಳ್ಳತೊಡಗಿದಾಗ ಅವರು ದಿಕ್ಕು ಬದಲಿಸಬೇಕಾಯಿತು. ಬೆಟ್ಟದ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಲು ಮೈಸೂರಿನ ಒಂದು ತುಕಡಿ ಕಡಿದಾದ ಹಾದಿಯಲ್ಲಿ ಮೇಲಕ್ಕೆ ಹತ್ತಿತು.

ಆ ಬೆಟ್ಟ ಯಾವುದು ಗೊತ್ತೇ? ಪ್ರವಾದಿ ಎಲೀಯನು ಬೆಂಕಿಗಾಗಿ ಪ್ರಾರ್ಥಿಸಿದ ಕಾರ್ಮೆಲ್ ಬೆಟ್ಟ. ಜುಲೈ 16ರಂದು ನಾವು ಹಬ್ಬವನ್ನು ಆಚರಿಸಿ, ಉತ್ತರೀಯವನ್ನು ಕೊರಳಿಗೆ ಹಾಕಿಕೊಳ್ಳುವ ಕಾರ್ಮೆಲ್ ಮಾತೆಯ ಬೆಟ್ಟ. ಕಾರ್ಮೆಲ್ ಸಭೆಯ ಮಠ ಇಂದಿಗೂ ಅಲ್ಲಿದೆ. ಬೆಂಗಳೂರು, ಮೈಸೂರುಗಳಿಂದ ಹೊರಟವರ ರಕ್ತ ಆ ಬೆಟ್ಟದ ಸುತ್ತ ಚೆಲ್ಲಿದೆ ಎಂಬುದು ಪುಣ್ಯಕ್ಷೇತ್ರ ಯಾತ್ರೆಗೆ ಹೋಗಿಬರುವ ನಮ್ಮವರಲ್ಲಿ ಎಷ್ಟು ಜನರಿಗೆ ತಿಳಿದಿದೆ? ಹೈಫಾದಲ್ಲಿ ಭಾರತೀಯ ಯೋಧರ ಸಮಾಧಿಭೂಮಿಯಿದೆ. ಭಾರತೀಯ ಸೈನ್ಯ ಪ್ರತಿ ವರ್ಷ ಸೆಪ್ಟೆಂಬರ್ 23ನ್ನು ಹೈಫಾ ದಿನವಾಗಿ ಆಚರಿಸುತ್ತದೆ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಸವಾರರನ್ನು ಪ್ರತಿನಿಧಿಸುತ್ತವೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಬ್ರಿಗೇಡ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆ ಕೂಡುವಲ್ಲಿ ಮದ್ರಾಸ್ ಪಯನಿಯರುಗಳ ಸ್ತಂಭವಿದೆ. ದಿನವೂ ಸಾವಿರಾರು ವಾಹನಗಳು ಅದರ ಪಕ್ಕದಲ್ಲೇ ಹಾದುಹೋಗುತ್ತವೆ.

ಕತ್ತಿ ಹಿಡಿಯದೆ ಸತ್ತವರೂ ಇದ್ದಾರೆ. 1917ರಲ್ಲಿ ಹಡಗಿನಿಂದ ಸಾಮಾನು ಇಳಿಸಲು, ಮರ ಕಡಿಯಲು, ರಸ್ತೆ ಹಾಕಲು ಭಾರತದಿಂದ ಕಾರ್ಮಿಕ ದಳಗಳು ಫ್ರಾನ್ಸಿಗೆ ಹೋದವು. ರಾಂಚಿ ಸೀಮೆಯ ಉರಾಂವ್, ಮುಂಡಾ ಆದಿವಾಸಿಗಳು ಅವುಗಳಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಅನೇಕರು ಕ್ರೈಸ್ತರು. ಯೇಸುಸಭೆಯ ಧರ್ಮಗುರುಗಳೂ ಇತರ ಸಭೆಗಳ ಮಿಷನರಿಗಳೂ ಜನ ಕೂಡಿಸಲು ನೆರವಾದದ್ದಲ್ಲದೆ, ಕೆಲವರು ಜೊತೆಗೇ ಹಡಗು ಹತ್ತಿದರು. ಆ ಚಳಿಯಲ್ಲಿ ಸತ್ತವರ ಸಮಾಧಿಗಳು ಇಂದಿಗೂ ಫ್ರಾನ್ಸಿನಲ್ಲಿವೆ. ಯುದ್ಧದ ಚರಿತ್ರೆಯಲ್ಲಿ ಅವರಿಗೆ ಒಂದು ಸಾಲು ಸಿಕ್ಕಿದರೆ ಹೆಚ್ಚು.

ಹುಡುಕುವುದು ಹೇಗೆ?

ಹೀಗೆ ಮರೆಯಾದ ಒಬ್ಬ ಸಿಪಾಯಿಯ ಬದುಕನ್ನು ನೂರು ವರ್ಷಗಳ ಮೇಲೆ ಕಂಡುಹಿಡಿಯಲು ಸಾಧ್ಯವೇ? ಸಾಧ್ಯ, ಆದರೆ ತಾಳ್ಮೆ ಬೇಕು. ಜಗತ್ತಿನ ಅನೇಕ ಕಡೆಗಳಲ್ಲಿ ನಿವೃತ್ತ ಶಿಕ್ಷಕರು, ಗೃಹಿಣಿಯರು, ಕಾಲೇಜು ವಿದ್ಯಾರ್ಥಿಗಳು ಈ ಕೆಲಸ ಮಾಡುತ್ತಿದ್ದಾರೆ.

ಮೊದಲು ಬೇಕಾದದ್ದು ಒಂದು ಹೆಸರು, ಒಂದು ನಂಬರು. ಯುದ್ಧಸಮಾಧಿ ಆಯೋಗದ ದಾಖಲೆಯನ್ನು ಯಾರು ಬೇಕಾದರೂ ಇಂಟರ್‌ನೆಟ್ಟಿನಲ್ಲಿ ಹಣ ಕೊಡದೆ ನೋಡಬಹುದು. ಅನೇಕ ಭಾರತೀಯ ಸಿಪಾಯಿಗಳ ಹೆಸರಿನ ಮುಂದೆ ತಂದೆಯ ಹೆಸರು, ಊರು, ಜಿಲ್ಲೆ ಕೂಡ ಇರುತ್ತದೆ. ಇಲ್ಲೊಂದು ತೊಡಕಿದೆ. ಊರ ಹೆಸರನ್ನೂ ಮನುಷ್ಯನ ಹೆಸರನ್ನೂ ಇಂಗ್ಲಿಷ್ ಬಲ್ಲ ಗುಮಾಸ್ತ ತನಗೆ ಕೇಳಿಸಿದಂತೆ ಬರೆದುಕೊಂಡಿರುತ್ತಾನೆ. ಒಂದೇ ಹೆಸರು ಮೂರು ಕಡೆ ಮೂರು ಬಗೆಯಲ್ಲಿರುತ್ತದೆ. ಆದ್ದರಿಂದ ಹೆಸರನ್ನಷ್ಟೇ ನಂಬದೆ ನಂಬರು, ಪಲ್ಟಣ, ಸತ್ತ ದಿನಾಂಕ ಮೂರನ್ನೂ ತಾಳೆ ನೋಡಬೇಕು. ನಂಬರು ಕೂಡ ಆಯಾ ಪಲ್ಟಣದ್ದು. ಬೇರೆ ಪಲ್ಟಣದ ಇನ್ನೊಬ್ಬನಿಗೂ ಅದೇ ನಂಬರಿರಬಹುದು.

ಮನೆಯ ಹಳೆಯ ಪೆಟ್ಟಿಗೆಯಲ್ಲಿ ಪದಕವೊಂದು ಇದ್ದರೆ ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಮೊದಲ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಪಡೆದವನ ನಂಬರು, ದರ್ಜೆ, ಹೆಸರು, ಪಲ್ಟಣ ಕೆತ್ತಿರುತ್ತದೆ. ಸೈನಿಕರಿಗೆ ಕೊಟ್ಟ ಬ್ರಿಟಿಷ್ ಯುದ್ಧ ಪದಕ ಬೆಳ್ಳಿಯದು. ಕೂಲಿ ದಳದವರಿಗೆ ಅದೇ ಪದಕವನ್ನು ಕಂಚಿನಲ್ಲಿ ಎರಕ ಹೊಯ್ದು ಕೊಟ್ಟರು. ಸತ್ತವರ ಕುಟುಂಬಕ್ಕೆ ಕೊಟ್ಟ ಅಂಗೈಯಗಲದ ಕಂಚಿನ ಫಲಕದ ಮೇಲೆ ಮಾತ್ರ ದರ್ಜೆಯಿಲ್ಲ, ಬರಿಯ ಹೆಸರು. ತ್ಯಾಗದಲ್ಲಿ ಮೇಲುಕೀಳಿಲ್ಲ ಎಂದು ತೋರಿಸಲು ಹಾಗೆ ಮಾಡಿದರು. ಬಡತನದಲ್ಲಿ ಬೆಳ್ಳಿಯ ಪದಕವನ್ನು ಚಿನಿವಾರನಿಗೆ ಮಾರಿದ ಮನೆಗಳೆಷ್ಟೋ. ಅವರನ್ನು ದೂರುವಂತಿಲ್ಲ.

ಸತ್ತ ದಿನಾಂಕ ಸಿಕ್ಕಿತೆಂದರೆ ಮುಂದಿನ ಮೆಟ್ಟಿಲು ಪಲ್ಟಣದ ಯುದ್ಧದಿನಚರಿ. ಆ ದಿನ ಪಲ್ಟಣ ಎಲ್ಲಿತ್ತು, ಮಳೆ ಬಂದಿತ್ತೇ, ಎಷ್ಟು ಜನ ಗಾಯಗೊಂಡರು ಎಂಬುದನ್ನು ಅಧಿಕಾರಿಯೊಬ್ಬ ಪ್ರತಿದಿನ ಬರೆದಿಡಬೇಕಿತ್ತು. ಅವು ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಎಲ್ಲ ದಾಖಲೆಗಳೂ ಉಳಿದಿವೆ ಎಂದೇನಲ್ಲ. 1940ರ ಸೆಪ್ಟೆಂಬರಿನಲ್ಲಿ ಲಂಡನ್ ಮೇಲೆ ಬಿದ್ದ ಬಾಂಬಿನಿಂದ, ಮೊದಲ ಯುದ್ಧದ ಬ್ರಿಟಿಷ್ ಸೈನಿಕರ ಸೇವಾ ಕಡತಗಳಲ್ಲಿ ಅರ್ಧಕ್ಕೂ ಹೆಚ್ಚು ಸುಟ್ಟುಹೋದವು. ಅಂಚು ಸುಟ್ಟು ಉಳಿದ ಕಾಗದಗಳನ್ನು ಇಂದಿಗೂ ಸುಟ್ಟ ದಾಖಲೆಗಳು ಎಂದೇ ಕರೆಯುತ್ತಾರೆ.

ಕಳೆದುಹೋಯಿತೆಂದು ಭಾವಿಸಿದ್ದು ಸಿಗುವುದೂ ಉಂಟು. ಮೊದಲ ಯುದ್ಧ ಮುಗಿದ ಬಳಿಕ ಪಂಜಾಬ್ ಸರ್ಕಾರ ಸಿದ್ಧಪಡಿಸಿದ್ದ ದಾಖಲೆ ಪುಸ್ತಕಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಸುಮಾರು ನೂರು ವರ್ಷ ಯಾರೂ ತೆರೆಯದೆ ಬಿದ್ದಿದ್ದವು. 26 ಸಾವಿರ ಪುಟಗಳು, ಸುಮಾರು 3,20,000 ಸೈನಿಕರ ವಿವರ, ಹಳ್ಳಿ ಹಳ್ಳಿಯಾಗಿ. ಬ್ರಿಟನ್ನಿನಲ್ಲಿ ನೆಲೆಸಿದ ಪಂಜಾಬಿಗಳ ಪರಂಪರಾ ಸಂಘ ಮತ್ತು ಗ್ರೀನಿಚ್ ವಿಶ್ವವಿದ್ಯಾಲಯ ಸೇರಿ ಅವನ್ನು ಗಣಕಯಂತ್ರಕ್ಕೆ ಅಳವಡಿಸತೊಡಗಿ, 2021ರ ನವೆಂಬರಿನಲ್ಲಿ ಮೊದಲ ಕಂತನ್ನು ಹೊರತಂದವು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳು, ಮರಿಮಕ್ಕಳು ತಮ್ಮ ಮುತ್ತಜ್ಜ ಯುದ್ಧಕ್ಕೆ ಹೋಗಿದ್ದನೆಂದು ಆಗ ಕಂಡುಕೊಂಡರು.

ಅವರ ದನಿ ಕೇಳುವುದು

ಹೆಸರು ಮತ್ತು ದಿನಾಂಕ ಸಿಕ್ಕಿದ ಮಾತ್ರಕ್ಕೆ ಮನುಷ್ಯ ಸಿಕ್ಕಿದಂತಾಗುವುದಿಲ್ಲ. ಅವನು ಏನು ಯೋಚಿಸುತ್ತಿದ್ದ, ಯಾವುದಕ್ಕೆ ಹೆದರುತ್ತಿದ್ದ? ಬಹುಪಾಲು ಸಿಪಾಯಿಗಳಿಗೆ ಓದುಬರಹ ತಿಳಿಯದು. ಓದುಬಲ್ಲ ಗೆಳೆಯನಿಂದ ಕಾಗದ ಬರೆಸುತ್ತಿದ್ದರು. ಆ ಕಾಗದಗಳನ್ನು ಸೈನ್ಯದ ತಪಾಸಣಾಧಿಕಾರಿಗಳು ಒಡೆದು ಓದಿ, ಮುಖ್ಯವೆನಿಸಿದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಇಟ್ಟುಕೊಂಡರು. ಮೂಲ ಕಾಗದಗಳಲ್ಲಿ ಹೆಚ್ಚಿನವು ಹೋದವು. ತಪಾಸಣೆಯ ಅನುವಾದಗಳು ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದವು. ಬೇಹುಗಾರಿಕೆಗೆಂದು ಮಾಡಿದ ಕೆಲಸವೇ ಸಿಪಾಯಿಗಳ ಮನಸ್ಸನ್ನು ನಮಗೆ ಉಳಿಸಿಕೊಟ್ಟಿತು. ಇತಿಹಾಸಕಾರ ಡೇವಿಡ್ ಒಮಿಸ್ಸಿ 1999ರಲ್ಲಿ ಅವುಗಳಲ್ಲಿ ನೂರಾರನ್ನು ಸಂಪಾದಿಸಿ ಪ್ರಕಟಿಸಿದರು. ಸಿಪಾಯಿಗಳೇನು ದಡ್ಡರಲ್ಲ. ತಪಾಸಣೆ ನಡೆಯುತ್ತದೆಂದು ತಿಳಿದು ಒಗಟಿನಲ್ಲಿ ಬರೆಸುತ್ತಿದ್ದರು. ಕರಿಮೆಣಸು ಎಂದರೆ ಭಾರತೀಯರು, ಕೆಂಪು ಮೆಣಸು ಎಂದರೆ ಬಿಳಿಯರು. ಕರಿಮೆಣಸು ಮುಗಿಯುತ್ತಾ ಬಂತು ಎಂದು ಓದಿದರೆ ಊರಿನಲ್ಲಿರುವವರಿಗೆ ಅರ್ಥವಾಗುತ್ತಿತ್ತು, ತಮ್ಮನನ್ನು ದಂಡಿಗೆ ಕಳುಹಿಸಬೇಡಿ ಎಂದು.

ಇನ್ನೂ ವಿಸ್ಮಯದ ಸಂಗತಿಯೊಂದಿದೆ. ಜರ್ಮನಿಯ ಬರ್ಲಿನ್ ಸಮೀಪದ ವ್ಯೂನ್ಸ್‌ಡಾರ್ಫ್‌ನಲ್ಲಿ ಯುದ್ಧಕೈದಿಗಳ ಶಿಬಿರವಿತ್ತು. 1915ರಿಂದ 1918ರವರೆಗೆ ಜರ್ಮನಿಯ ಭಾಷಾಪಂಡಿತರು ಇಂಥ ಶಿಬಿರಗಳಿಗೆ ಹೋಗಿ ಕೈದಿಗಳ ಮಾತನ್ನು, ಹಾಡನ್ನು ಗ್ರಾಮೊಫೋನ್ ತಟ್ಟೆಗಳಲ್ಲಿ ಮುದ್ರಿಸಿಕೊಂಡರು. ಭಾಷೆಗಳ ಅಧ್ಯಯನ ಅವರ ಉದ್ದೇಶ. ಬ್ರಿಟಿಷ್ ಸೈನ್ಯದ ಅನೇಕ ಕೈದಿಗಳಿಂದ ಅವರು ಓದಿಸಿದ್ದು ಲೂಕನ ಶುಭಸಂದೇಶದ ದುಂದುಗಾರ ಮಗನ ಸಾಮತಿಯನ್ನು. ಮನೆಗೆ ಮರಳಿದ ಮಗನ ಕಥೆಯನ್ನು, ಮನೆಗೆ ಮರಳುವೆವೋ ಇಲ್ಲವೋ ತಿಳಿಯದ ಮಕ್ಕಳು ಓದಿದರು! 1916ರ ಡಿಸೆಂಬರಿನಲ್ಲಿ ಪಂಜಾಬಿನ ಒಬ್ಬ ಸಿಪಾಯಿ ತನ್ನ ಕಥೆಯನ್ನೇ ಬೇರೆ ಯಾರದೋ ಎಂಬಂತೆ ಹೇಳಿದ. ಹಿಂದೂಸ್ತಾನದಲ್ಲಿ ಬೆಣ್ಣೆ ತಿಂದುಕೊಂಡಿದ್ದ ಒಬ್ಬ ಮನುಷ್ಯ ಯೂರೋಪಿನ ಯುದ್ಧಕ್ಕೆ ಬಂದು ಸೆರೆಯಾದ, ಅವನಿಗೆ ಈಗ ಊರಿಗೆ ಹೋಗಬೇಕಾಗಿದೆ ಎಂದು. ಆ ದನಿ ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿ ಭಂಡಾರದಲ್ಲಿ ಉಳಿದಿದೆ. ಅಲ್ಲಿಗೆ ಹತ್ತಿರದ ತ್ಸೇರೆನ್ಸ್‌ಡಾರ್ಫ್‌ನಲ್ಲಿ, ಊರಿಗೆ ಮರಳದ 206 ಭಾರತೀಯರ ಸಮಾಧಿಭೂಮಿಯಿದೆ. ದಶಕಗಳ ಕಾಲ ಪಾಳುಬಿದ್ದಿದ್ದ ಅದನ್ನು ಪುನಃ ಕಟ್ಟಿ 2005ರಲ್ಲಿ ಸಮರ್ಪಿಸಿದರು.

ಇಂಗ್ಲೆಂಡಿನ ಬ್ರೈಟನ್ ನಗರದ ಹೊರವಲಯದ ಗುಡ್ಡದಲ್ಲಿ ಒಂದು ಅಮೃತಶಿಲೆಯ ಛತ್ರಿಯಿದೆ. ಅಲ್ಲಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ದಹನ ಮಾಡಿದ ಜಾಗವದು. ಛತ್ರಿ ಅನಾವರಣಗೊಂಡದ್ದು 1921ರಲ್ಲಿ. ಆ 53 ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿ ಪಕ್ಕದಲ್ಲಿಟ್ಟದ್ದು 2010ರಲ್ಲಿ. ಹೆಸರು ಸೇರಲು 89 ವರ್ಷ ಬೇಕಾಯಿತು, ಆದರೂ ಸೇರಿತು.

ಸತ್ಯವನ್ನು ಮುಚ್ಚದೆ

ಹುಡುಕಿದವರಿಗೆ ಸಿಗುವುದೆಲ್ಲ ವೀರಗಾಥೆಯಲ್ಲ. ಓಡಿಹೋಗಲು ಯತ್ನಿಸಿದವನು ಸಿಗುತ್ತಾನೆ. ತನ್ನ ಕೈಗೆ ತಾನೇ ಗುಂಡು ಹೊಡೆದುಕೊಂಡವನು ಸಿಗುತ್ತಾನೆ. ರೋಗದಿಂದ ಹಾಸಿಗೆಯಲ್ಲಿ ಸತ್ತವನು ಸಿಗುತ್ತಾನೆ. ಮೊದಲ ಯುದ್ಧದಲ್ಲಿ ಹೇಡಿತನ, ಪಲಾಯನ ಮೊದಲಾದ ಆಪಾದನೆಗಳ ಮೇಲೆ ಬ್ರಿಟಿಷ್ ಸೈನ್ಯ ತನ್ನ ಸೈನಿಕರಿಗೇ ಗುಂಡಿಕ್ಕಿದ ಪ್ರಸಂಗಗಳಲ್ಲಿ 306 ಜನರಿಗೆ 2006ರಲ್ಲಿ ಕಾನೂನಿನ ಮೂಲಕ ಕ್ಷಮಾದಾನ ದೊರೆಯಿತು. ಅವರಲ್ಲಿ ಅನೇಕರು ಸಿಡಿಗುಂಡುಗಳ ಸದ್ದಿಗೆ ಮನಸ್ಸು ಕೆಟ್ಟ ಎಳೆಯ ಹುಡುಗರಾಗಿದ್ದರು. ತಲೆಮಾರುಗಳ ಕಾಲ ಅವರ ಮನೆಗಳಲ್ಲಿ ಅವರ ಹೆಸರೆತ್ತುವಂತಿರಲಿಲ್ಲ. ಸಂಶೋಧಕರು ವಿಚಾರಣೆಯ ಕಡತಗಳನ್ನು ಓದಿ ತೋರಿಸಿದ ಮೇಲೆಯೇ ಆ ಮನೆಗಳ ಕಳಂಕ ಕಳೆಯಿತು.

ಇಲ್ಲಿ ಯೂದ ಮಕ್ಕಬಿಯನ ಕಥೆ ಮತ್ತೆ ನೆನಪಾಗುತ್ತದೆ. ಅಂಗಿಯೊಳಗೆ ತಾಯಿತ ಸಿಕ್ಕಿತೆಂದು ಆ ಸೈನಿಕರನ್ನು ನಾಯಿನರಿಗಳಿಗೆ ಬಿಟ್ಟುಬರಲಿಲ್ಲ. ಮಡಿದವರನ್ನೆಲ್ಲ ವೀರರೆಂದು ಹೊಗಳುವುದು ಸುಲಭ. ಅದರಿಂದ ಯುದ್ಧವೇ ಒಳ್ಳೆಯದೆಂಬ ಭಾವನೆ ಮಕ್ಕಳಲ್ಲಿ ಬೆಳೆಯುವ ಅಪಾಯವಿದೆ. ಹೆದರಿದ, ಮನೆ ನೆನೆದು ಅತ್ತ, ಸಾಲಕ್ಕಾಗಿ ದಂಡಿಗೆ ಸೇರಿದ ನಿಜವಾದ ಮನುಷ್ಯನನ್ನು ತೋರಿಸಿದರೆ ಯುದ್ಧದ ಬೆಲೆ ಏನೆಂದು ಅವರಿಗೆ ತಿಳಿಯುತ್ತದೆ.

ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಇದನ್ನು ಅರಿತಿದ್ದರು. ಆ ಯುದ್ಧವನ್ನು ಅವರು 1917ರ ಶಾಂತಿಪತ್ರದಲ್ಲಿ ನಿಷ್ಪ್ರಯೋಜಕ ಹತ್ಯೆ ಎಂದು ಕರೆದು ಎರಡು ಕಡೆಯವರ ಅಸಮಾಧಾನಕ್ಕೂ ಗುರಿಯಾದರು. ಅದಕ್ಕಿಂತ ಮೊದಲೇ, 1915ರ ಆಗಸ್ಟ್ 10ರಂದು, ಸಕಲ ಮೃತರ ಸ್ಮರಣೆಯ ದಿನ ಪ್ರತಿಯೊಬ್ಬ ಧರ್ಮಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಬಹುದೆಂದು ಅನುಮತಿ ನೀಡಿದರು. ಯುದ್ಧದಲ್ಲಿ ಸಾಯುತ್ತಿದ್ದ ಲಕ್ಷಾಂತರ ಜನರು ಅವರ ಮನಸ್ಸಿನಲ್ಲಿದ್ದರು. ಇಂದಿಗೂ ನವೆಂಬರ್ 2ರಂದು ನಮ್ಮ ಧರ್ಮಗುರುಗಳು ಮೂರು ಪೂಜೆಗಳನ್ನು ಅರ್ಪಿಸಲು ಸಾಧ್ಯವಾಗಿರುವುದು ಆ ಅನುಮತಿಯಿಂದಲೇ.

ನಾವು ಏನು ಮಾಡಬಹುದು?

ಪ್ರಿಯ ಓದುಗರೇ, ಇದು ಪಂಡಿತರ ಕೆಲಸವೆಂದು ಸುಮ್ಮನಿರಬೇಡಿ. ನಿಮ್ಮ ಕುಟುಂಬದಲ್ಲಿ, ನಿಮ್ಮ ಬೀದಿಯಲ್ಲಿ, ಯಾವುದೋ ಯುದ್ಧಕ್ಕೆ ಹೋಗಿ ಮರಳದವರಿದ್ದರೆ ಹಿರಿಯರನ್ನು ಈಗಲೇ ಕೇಳಿ ಬರೆದುಕೊಳ್ಳಿ. ಬರ್ಮಾ, ಸಿಂಗಾಪುರ, ಆಫ್ರಿಕ ಎಂಬ ಒಂದು ಮಾತು ಸಾಕು, ಅದೇ ಸುಳಿವು. ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿ 24 ಸಾವಿರಕ್ಕೂ ಹೆಚ್ಚು, ಬರ್ಮಾದ ತೌಕ್ಯಾನ್ ಸ್ಮಾರಕದಲ್ಲಿ ಸುಮಾರು 27 ಸಾವಿರ ಹೆಸರುಗಳಿವೆ. ಅವುಗಳಲ್ಲಿ ನಿಮ್ಮವರೂ ಇರಬಹುದು. ಹಳೆಯ ಫೋಟೊದ ಹಿಂಬದಿಯಲ್ಲಿ ಯಾರು, ಎಲ್ಲಿ, ಯಾವ ವರ್ಷ ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಪಿಂಚಣಿಯ ಕಾಗದ, ಪದಕ, ಕಾರ್ಡು ಯಾವುದನ್ನೂ ಗುಜರಿಗೆ ಹಾಕಬೇಡಿ.

ನಮ್ಮ ಧರ್ಮಕೇಂದ್ರಗಳಲ್ಲಿ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳಿವೆ. ಅವನ್ನು ಜೋಪಾನವಾಗಿಡಬೇಕೆಂಬುದು ಧರ್ಮಸಭೆಯ ಕಾನೂನು. ಒಬ್ಬ ಸಿಪಾಯಿಯ ಹುಟ್ಟು, ತಂದೆತಾಯಿಯ ಹೆಸರು, ಮದುವೆ ಇವು ಸೈನ್ಯದ ಕಡತದಲ್ಲಿ ಇಲ್ಲದಿದ್ದರೂ ಆ ಪುಸ್ತಕದಲ್ಲಿ ಇದ್ದಾವು. ಧರ್ಮಗುರುಗಳ ಅನುಮತಿ ಪಡೆದು ಯುವಜನರು ಒಂದು ಬೇಸಿಗೆ ರಜೆಯಲ್ಲಿ ಈ ಕೆಲಸಕ್ಕೆ ಕೂತರೆ ಒಂದೆರಡು ಹೆಸರಾದರೂ ಹೊರಬರುತ್ತವೆ. ಅವರು ಕ್ರೈಸ್ತರೇ ಆಗಿರಬೇಕೆಂದಿಲ್ಲ. ಮೈಸೂರಿನ ಸವಾರ, ಪಂಜಾಬಿನ ಸಿಖ್, ರಾಂಚಿಯ ಆದಿವಾಸಿ ಒಂದೇ ನೆಲದಲ್ಲಿ ಬಿದ್ದವರು.

ಈ ವರ್ಷ ಮೃತರ ಪಟ್ಟಿ ಬರೆಯುವಾಗ, ಮನೆಯಲ್ಲಿ ಯಾರೂ ಎತ್ತದ ಒಂದು ಹೆಸರಿದೆಯೇ ಎಂದು ವಿಚಾರಿಸಿ ನೋಡಿ. ಸಿಕ್ಕಿದರೆ ಆ ಹೆಸರನ್ನೂ ಸೇರಿಸಿ ಕೊಡಿ. ಸಿಗದಿದ್ದರೆ, ಎಲ್ಲಿಯೋ ಹೂತುಹೋದ ಸಿಪಾಯಿಗೆ ಎಂದಾದರೂ ಬರೆದು, ಅವನ ಆತ್ಮಕ್ಕೆ ನಿತ್ಯವಿಶ್ರಾಂತಿಯನ್ನು ಬೇಡಿಕೊಳ್ಳೋಣ.